ಆಡಿಗೆ ಮೊದಲು ಕುಡಿಸಿದ ಔಷಧ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಹದಿನೇಳನೆಯ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ಆದರೆ ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ವಹಿಗಳಲ್ಲಿ ಅರ್ಧ ಗೆದ್ದಲಿನ ಪಾಲಾಗಿವೆ, ಉಳಿದ ಅರ್ಧ ನನ್ನ ನೆನಪಿನ ಜೊತೆ ಜಗಳಕ್ಕೆ ನಿಲ್ಲುತ್ತವೆ. ಮಲ್ಲವ್ವ ಎಂಬ ರೋಗಿ ಮೊದಲ ಸಲ ಬಂದದ್ದು ಸುಡುಬಿಸಿಲಿನಲ್ಲಿ ಎಂದು ನನಗೆ ಖಾತ್ರಿ. ವಹಿಯಲ್ಲಿ ‘ಎಳ್ಳಮಾಸಿ ಆಗಿ ನಾಲ್ಕು ದಿನಕ್ಕೆ’ ಎಂದಿದೆ, ನನ್ನದೇ ಅಕ್ಷರದಲ್ಲಿ. ಚಳಿಯ ದಿನಗಳವು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತಿಳಿಯದೆ ಬರೆಯುತ್ತಿದ್ದೇನೆ.

ನನ್ನ ಜೊತೆ ನಿವೃತ್ತರಾದ ಕೆಲವರು ತಮ್ಮ ಸೇವೆಯ ಕಥೆ ಬರೆದಿದ್ದಾರೆ. ಓದಿದರೆ ಮೈ ಉರಿಯುತ್ತದೆ. ಯಾವ ವರ್ಷ ಯಾವ ಹುದ್ದೆ, ಯಾವ ಮಂತ್ರಿ ಹಾರ ಹಾಕಿದರು, ಬೀಳ್ಕೊಡುಗೆಯ ದಿನ ಎಷ್ಟು ಜನ ಅತ್ತರು. ಅವರ ಕೈಯಲ್ಲಿ ಒಬ್ಬ ರೋಗಿಯೂ ಸತ್ತಿಲ್ಲ. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಅದನ್ನೇ ಓದಿಕೊಂಡು ಬಂದು ನನ್ನನ್ನು ‘ಆಗಿನ ಕಾಲ ಹೇಗಿತ್ತು?’ ಎಂದು ನಗುತ್ತ ಕೇಳುತ್ತಾರೆ. ಹೇಗಿತ್ತೆಂದು ಹೇಳುತ್ತೇನೆ.

ಯಾದಗಿರಿ, ಶಹಾಪುರ, ಸುರಪುರ, ಮೂರೂ ಊರುಗಳಲ್ಲಿ ನಾನು ಲೇಡಿ ಡಾಕ್ಟರಾಗಿ ಕೆಲಸ ಮಾಡಿದೆ. ಈ ಸಂಗತಿ ಯಾವ ಊರಿನ ದವಾಖಾನೆಯದು ಎಂದು ಬರೆಯುವುದಿಲ್ಲ. ಆಗಿನ ದೊಡ್ಡ ಡಾಕ್ಟರ ಸಾಹೇಬರ ಹೆಸರನ್ನೂ ಬರೆಯುವುದಿಲ್ಲ. ಅವರು ತೀರಿಕೊಂಡಿದ್ದಾರೆ, ಮಕ್ಕಳು ಒಳ್ಳೆಯವರಿದ್ದಾರೆ. ಹೆಸರಿಲ್ಲದೆಯೂ ಸಿಟ್ಟು ಮಾಡಬಹುದು.

ನಾನು ವೈದ್ಯ ಕಲಿತದ್ದು ಹೈದರಾಬಾದಿನಲ್ಲಿ, ಉರ್ದುವಿನಲ್ಲಿ. ಎಲುಬಿನ ಹೆಸರು, ಜ್ವರದ ಹೆಸರು, ಸಾವಿನ ಹೆಸರು ಎಲ್ಲ ಉರ್ದು. ದವಾಖಾನೆಯ ಕಟ್ಟೆಗೆ ಬಂದು ಕೂರುವವರು ಕನ್ನಡದವರು, ಗುರಮಿಟಕಲ್ ಕಡೆಯಿಂದ ಬಂದರೆ ತೆಲುಗಿನವರು. ದೊಡ್ಡ ಸಾಹೇಬರಿಗೆ ಇವೆರಡೂ ಬರುತ್ತಿರಲಿಲ್ಲ. ರೋಗಿ ಐದು ನಿಮಿಷ ಅತ್ತು ಹೇಳಿಕೊಂಡದ್ದನ್ನು ಜವಾನ ‘ಪೇಟ್ ಮೇ ದರ್ದ್’, ಹೊಟ್ಟೆನೋವು, ಎಂದು ಮೂರು ಮಾತಿನಲ್ಲಿ ಮುಗಿಸುತ್ತಿದ್ದ. ಸಾಹೇಬರು ಆ ಮೂರು ಮಾತಿಗೆ ಔಷಧ ಬರೆಯುತ್ತಿದ್ದರು. ಅಲ್ಲಿ ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ಹೇಳುವ ಡಾಕ್ಟರು ನಾನೊಬ್ಬಳೇ. ಅದು ನನ್ನ ಹೆಮ್ಮೆ. ಮುಂದೆ ಆದದ್ದಕ್ಕೆಲ್ಲ ಮೂಲವೂ ಅದೇ ಹೆಮ್ಮೆ.

ಔಷಧ ಕೊಡುವ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಬಾಟ್ಲಿಯನ್ನು ರೋಗಿಯೇ ತರಬೇಕು. ಸೀಮೆಎಣ್ಣೆಯ ವಾಸನೆಯದು, ಶರಾಬಿನದು, ಕುತ್ತಿಗೆ ಒಡೆದದ್ದು, ಏನು ಸಿಕ್ಕರೆ ಅದು. ನಮ್ಮ ಕಂಪೌಂಡರ್ ಖಾಸಿಂಸಾಬ್ ಅದನ್ನು ಬಿಸಿನೀರಿನಲ್ಲಿ ತೊಳೆದು, ಔಷಧ ತುಂಬಿ, ಕಾಗದದ ಒಂದು ಪಟ್ಟಿಯನ್ನು ಮಡಿಸಿ, ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ ಬಾಟ್ಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಕಚ್ಚು ಇಳಿದರೆ ಒಂದು ಹೊತ್ತಿನ ಔಷಧ ಆಯಿತು. ಓದು ಬಾರದವರು ಆ ಕಚ್ಚನ್ನು ದೇವರ ಗೆರೆಯಂತೆ ನಂಬುತ್ತಿದ್ದರು. ಬಾಟ್ಲಿಯೊಳಗೆ ಏನಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಹೇಳಬಾರದು ಎನ್ನುವುದು ಸಾಹೇಬರ ಹುಕುಂ.

ಮಲ್ಲವ್ವ ರಂಗಂಪೇಟೆಯಿಂದಾಚೆಯ ಒಂದು ಕುರಿ ಹಟ್ಟಿಯವಳು. ಅರವತ್ತರ ಹತ್ತಿರದ ವಯಸ್ಸು. ಸೊಸೆ ನಿಂಗವ್ವ ಅವಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ತಾನು ನಡೆದು ಬಂದಿದ್ದಳು. ಮಗ ಕುರಿಗಳ ಹಿಂದೆ ಭೀಮಾ ದಂಡೆಯ ಹೊಲಗಳಿಗೆ ಹೋಗಿದ್ದ. ಮಲ್ಲವ್ವನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಬಲಗೈಯ ಹೆಬ್ಬೆರಳು ತೋರುಬೆರಳು ಯಾವುದೋ ಕಾಳನ್ನು ಹೊಸೆಯುವಂತೆ ಒಂದೇ ಸಮ ಆಡುತ್ತಿದ್ದವು.

‘ಬಾಯೀರ, ಇಕೀ ಕೈ ನಡಗಾಕತ್ತಾವರಿ’ ಎಂದಳು ನಿಂಗವ್ವ. ‘ಉಣ್ಣಿ ನೂಲೂದು ಬಿಟ್ಟು ಮೂರು ಕಂಬಳಿ ಆತು.’ ಅವರು ಕಾಲವನ್ನು ಹಾಗೆ ಎಣಿಸುತ್ತಿದ್ದರು.

ಮಲ್ಲವ್ವ ಮುಖ ಅಲುಗಿಸದೆ, ಕೆಳದನಿಯಲ್ಲಿ ಅಂದಳು: ‘ನನ್ನ ಕೈ ನಡಗತಾವ, ಇಕೀದು ನಾಲಿಗಿ ನಡಗತದ. ಅದಕ್ಕೂ ಏನರ ಔಷಧ ಇದ್ದರ ಕೂಡೇ ಕೊಟ್ಟುಬಿಡ್ರಿ.’

ಕಂಪವಾತ. ಉರ್ದು ಪುಸ್ತಕದಲ್ಲಿ ರಾಅಶಾ ಎಂದು ಓದಿದ್ದೆ. ಈಗಿನವರು ಪಾರ್ಕಿನ್ಸನ್ ಅನ್ನುತ್ತಾರೆ. ಆಗ ಅದಕ್ಕೆ ನಮ್ಮ ಕಪಾಟಿನಲ್ಲಿ ಇದ್ದದ್ದು ಒಂದೇ, ಸ್ಟ್ರಮೋನಿಯಂ ಟಿಂಚರು. ದತ್ತೂರಿಯ ಎಲೆಯಿಂದ ತೆಗೆದ ಔಷಧ. ಅದು ರೋಗವನ್ನು ಕಳೆಯುವುದಿಲ್ಲ. ಬಿಗಿದ ಮೈಯನ್ನು ಸ್ವಲ್ಪ ಸಡಿಲಿಸುತ್ತದೆ, ಜೊಲ್ಲು ನಿಲ್ಲಿಸುತ್ತದೆ, ನಡುಕ ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಇಲ್ಲ. ಬೆಲೆಯಾಗಿ ಬಾಯಿ ಒಣಗಿಸುತ್ತದೆ, ಹತ್ತಿರದ್ದು ಮಂಜಾಗಿ ಕಾಣಿಸುತ್ತದೆ, ಮಲ ಕಟ್ಟುತ್ತದೆ, ಮುದುಕರಿಗೆ ಮೂತ್ರ ಕಟ್ಟುತ್ತದೆ. ಹನಿ ಹನಿಯಾಗಿ ಏರಿಸಬೇಕು, ಬಾಯಿ ತೀರ ಒಣಗಿತೆಂದರೆ ಇಳಿಸಬೇಕು. ಗುಣ ಕೊಡುವ ಅಳತೆಗೂ ಬುದ್ಧಿ ಕೆಡಿಸುವ ಅಳತೆಗೂ ನಡುವಿನ ದಾರಿ ಬಹಳ ಸಣ್ಣದು, ಅದೂ ಒಬ್ಬೊಬ್ಬರಿಗೆ ಒಂದೊಂದು ಕಡೆ. ಇದನ್ನು ಪುಸ್ತಕ ಒಂದು ಸಾಲಿನಲ್ಲಿ ಹೇಳಿತ್ತು. ನನಗೆ ಕಲಿಸಿದವಳು ಮಲ್ಲವ್ವ.

ಒಂದು ತಿಂಗಳಿಗೆ ಜೊಲ್ಲು ನಿಂತಿತು. ಎರಡನೆಯ ತಿಂಗಳು ಅವಳು ಕತ್ತೆಯಿಂದ ತಾನೇ ಇಳಿದಳು. ನಾನು ಹುರುಪಿನಲ್ಲಿ ಹನಿ ಏರಿಸಿದೆ. ಮುಂದಿನ ಸಲ ನಿಂಗವ್ವ ಬಂದಾಗ ದೂರು ತಂದಿದ್ದಳು: ಅತ್ತೆ ಗುಡಿಸಲಿನಲ್ಲಿ ಇಲ್ಲದ ಕುರಿಮರಿಗಳನ್ನು ಎಣಿಸುತ್ತಾಳೆ, ಎಣಿಸಿ ಮುಗಿದ ಮೇಲೆ ಒಂದು ಕಡಿಮೆ ಬಿತ್ತೆಂದು ಜಗಳ ತೆಗೆಯುತ್ತಾಳೆ.

‘ಹದಿನಾಲ್ಕು ಇದ್ದವು’ ಎಂದಳು ಮಲ್ಲವ್ವ. ‘ಇಕೀಗಿ ಕಣ್ಣ ಕಾಣೂದಿಲ್ಲ.’

ನಾವು ಮೂವರೂ ನಕ್ಕೆವು. ನಾನು ನಗಬಾರದಿತ್ತು. ಅದು ವಿಷ ತಲೆಗೇರುವ ಮೊದಲ ಗುರುತು. ಆದರೂ ಹನಿ ಇಳಿಸಿದೆ, ಮರಿಗಳು ಹೋದವು, ಕೈಯ ನಡುಕ ಇಳಿದದ್ದು ಮಾತ್ರ ಹಾಗೆಯೇ ಉಳಿಯಿತು. ಒಂದು ಸೋಮವಾರ ಮಲ್ಲವ್ವ ಸೆರಗಿನಿಂದ ಉಣ್ಣೆ ನೂಲಿನ ಒಂದು ಉಂಡೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. ದಪ್ಪ ತೆಳುವು, ಗಂಟುಗಂಟು. ‘ಬಾಯಿ ಒಣಗಿದರ ಒಣಗಲಿ ಬಾಯೀ. ನೂಲೂ ಕದರು ತಿರಗಾಕತ್ತದ’ ಎಂದಳು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಸಿಕ್ಕಿಲ್ಲ.

ಅದೇ ದಿನ, ಅಥವಾ ಅದರ ಮುಂದಿನ ಸಲ, ಅವಳು ಕೇಳಿದಳು, ಈ ನೀರಿನಲ್ಲಿ ಏನು ಹಾಕುತ್ತೀರಿ ಎಂದು. ನನಗೆ ಸಾಹೇಬರ ಹುಕುಂ ನೆನಪಿತ್ತು. ಅದನ್ನು ಮುರಿಯುವ ಖುಷಿಯೂ ಇತ್ತು. ಇವರೇನು ದನಗಳೇ, ತಮ್ಮ ಹೊಟ್ಟೆಗೆ ಹೋಗುವುದನ್ನು ತಿಳಿಯಬಾರದೇ ಎಂದು ನನ್ನ ವಾದ. ಈಗಲೂ ಅದೇ ವಾದ. ಆದರೆ ಹೇಳಿದ ರೀತಿ ನೋಡಿ: ‘ನಿಮ್ಮ ತಿಪ್ಪಿ ಮ್ಯಾಲ ಬೆಳೀತದಲ್ಲ ದತ್ತೂರಿ, ಅದರದೇ ರಸ ಇದು.’ ಅತ್ತೆ ಸೊಸೆ ಇಬ್ಬರೂ ಬೆರಗಾದರು. ದೊಡ್ಡ ಊರಿನಿಂದ ರೈಲಿನಲ್ಲಿ ಬರುವ ಔಷಧ ತಮ್ಮ ತಿಪ್ಪೆಯದೇ ಎಂದು. ಅವರ ಬೆರಗು ನೋಡಿ ನಾನು ಉಬ್ಬಿದೆ. ನೀವಾಗಿ ಮಾಡಿಕೊಂಡರೆ ಸಾಯುತ್ತೀರಿ, ಎಲೆಯಿಂದ ಎಲೆಗೆ ಬಲ ಬೇರೆ, ಬೀಜವಂತೂ ಮುಟ್ಟಲೇಬಾರದು ಎಂದು ಹೇಳಿದೆನೇ? ಹೇಳಿದ್ದೇನೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ವಹಿಯಲ್ಲಿ ‘ಮಲ್ಲವ್ವಗೆ ದತ್ತೂರಿಯ ಮಾತು ತಿಳಿಸಿದೆ. ಸಂತೋಷಪಟ್ಟಳು’ ಎಂದಷ್ಟೇ ಇದೆ. ಎಚ್ಚರಿಕೆ ಕೊಟ್ಟಿದ್ದರೆ ನಾನು ಬರೆಯುತ್ತಿದ್ದೆ. ಅಂಥ ವಿಷಯಗಳನ್ನು ಬರೆದಿಡುವ ಸ್ವಭಾವ ನನ್ನದು.

ಅತ್ತೆಸೊಸೆಯರ ಮಾತು ಕೇಳಲು ಜನಾನಾ ವಾರ್ಡಿನ ಆಯಾಗಳು ಕೆಲಸ ಬಿಟ್ಟು ಬರುತ್ತಿದ್ದರು. ಒಮ್ಮೆ ಕಟ್ಟೆಯ ಮೇಲೆ ಕಾಯುತ್ತ ನಿಂಗವ್ವ ಎಲ್ಲರಿಗೂ ಕೇಳುವಂತೆ ಅಂದಳು: ‘ಈ ಮುದುಕಿ ಸತ್ತ ದಿನ ಹನ್ನೆರಡು ಊರಿಗಿ ಸಕ್ಕರಿ ಹಂಚ್ತೀನಿ.’

‘ಹಂಚು’ ಎಂದಳು ಮಲ್ಲವ್ವ. ‘ನನಗೂ ಒಂದು ಹಿಡಿ ಎತ್ತಿಡು. ನೀ ಕೊಟ್ಟಿದ್ದು ಯಾವುದು ಸೀ ಇತ್ತು, ಅದರ ಇರಲಿ.’

ಆಮೇಲೆ ನಿಂಗವ್ವ ಅವಳ ಬಾಯಿ ಒರೆಸಿದಳು. ಅವಳನ್ನು ಕತ್ತೆಯ ಮೇಲೆ ಕೂರಿಸುವಾಗ ಬೆನ್ನಿನ ಹಿಂದೆ ಕಂಬಳಿ ಮಡಿಸಿಟ್ಟಳು.

ಯುದ್ಧದ ದಿನಗಳು ಅವು. ಹೈದರಾಬಾದಿನಿಂದ ಬರುವ ಔಷಧದ ಪೆಟ್ಟಿಗೆಗಳು ಯಾದಗಿರಿ ಸ್ಟೇಷನ್ನಿಗೆ ಬಂದು ಬೀಳುತ್ತಿದ್ದವು, ಭೀಮಾ ಏರಿದ್ದರೆ ವಾರಗಟ್ಟಲೆ ಅಲ್ಲಿಯೇ ಬಿದ್ದಿರುತ್ತಿದ್ದವು. ಬಂದಾಗಲೂ ಬೇಡಿದ ಹತ್ತರಲ್ಲಿ ನಾಲ್ಕು. ನಾನು ಬೇಡಿಕೆಯ ಪಟ್ಟಿಯಲ್ಲಿ ಸ್ಟ್ರಮೋನಿಯಂ ಬರೆದೆ. ದೊಡ್ಡ ಸಾಹೇಬರು ಅದರ ಮೇಲೆ ಗೆರೆ ಎಳೆದರು. ಜ್ವರದಲ್ಲಿ ಜನ ಸಾಯುತ್ತಿದ್ದಾರೆ, ಕ್ವಿನೈನ್ ಇಲ್ಲ, ನೀನು ಒಬ್ಬ ಕುರಿಯವಳ ಕೈ ನಡುಕಕ್ಕೆ ಟಿಂಚರು ಕೇಳುತ್ತೀ ಎಂದರು. ಮಾತಿನಲ್ಲಿ ನ್ಯಾಯವಿತ್ತು, ಪಟ್ಟಿಯನ್ನು ಹಾಗೆಯೇ ಬಿಟ್ಟೆ. ಕಪಾಟಿನಲ್ಲಿ ಇನ್ನೂ ಒಂದು ತುಂಬಿದ ಬಾಟ್ಲಿ ಇದೆ, ಅದು ಮಳೆಗಾಲದವರೆಗೆ ಸಾಕು ಎಂದು ನನ್ನ ಲೆಕ್ಕ. ಮಲ್ಲವ್ವ ಬಂದ ದಿನ ಖಾಸಿಂಸಾಬ್ ಕಪಾಟು ತೆಗೆದರೆ ಆ ಜಾಗ ಖಾಲಿ. ಊರಿನ ಒಂದು ದೊಡ್ಡ ಮನೆಯ ಯಜಮಾನರ ದಮ್ಮಿಗೆ ಸಾಹೇಬರು ಅದನ್ನು ಕಳಿಸಿಬಿಟ್ಟಿದ್ದರು. ದಮ್ಮಿಗೂ ಅದು ಔಷಧ, ಸುಳ್ಳಲ್ಲ. ಆದರೆ ಅವರಿಗೆ ಬೊಂಬಾಯಿಯಿಂದ ತರಿಸಿಕೊಳ್ಳುವ ಶಕ್ತಿ ಇತ್ತು. ಕುರಿ ಹಟ್ಟಿಗೆ ನಮ್ಮ ಕಪಾಟಿನ ಹೊರತು ಬೇರೆ ಬೊಂಬಾಯಿ ಇರಲಿಲ್ಲ.

‘ಖತಂ’ ಎಂದು ಖಾಸಿಂಸಾಬ್ ಖಾಲಿ ಜಾಗ ತೋರಿಸಿದರು. ನಾನು ನಿಂಗವ್ವನಿಗೆ ಒಂದು ತಿಂಗಳು ಬಿಟ್ಟು ಬರಲು ಹೇಳಿ, ಖಾಲಿ ಬಾಟ್ಲಿಯನ್ನು ವಾಪಸು ಕೊಟ್ಟೆ. ಕಚ್ಚಿನ ಕಾಗದ ಅದರ ಮೈಮೇಲೆ ಹಾಗೆಯೇ ಇತ್ತು. ಈ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಬಿಗಿಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದಕ್ಕೆ ಏನು ಹೆಸರು?

ಎಂಟು ಹತ್ತು ದಿನದ ಮೇಲೆ, ಒಂದು ಬೆಳಿಗ್ಗೆ, ಮಲ್ಲವ್ವನನ್ನು ಬಂಡಿಯಲ್ಲಿ ತಂದರು. ಮೈ ಕೆಂಪಗೆ ಕಾದ ಹಂಚಿನಂತೆ ಇತ್ತು, ಬೆವರಿನ ಒಂದು ಹನಿ ಇಲ್ಲ. ನಾಲಿಗೆ ಮರದ ತೊಗಟೆ. ಕಣ್ಣಿನ ಪಾಪೆ ಅಗಲವಾಗಿ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇರಲಿಲ್ಲ. ಎರಡೂ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೆ ತಿಳಿಯಿತು, ಅವಳು ನೂಲುತ್ತಿದ್ದಳು. ಇಲ್ಲದ ಉಣ್ಣೆಯನ್ನು ಎಡಗೈ ಎಳೆಯುತ್ತಿತ್ತು, ಇಲ್ಲದ ಕದರನ್ನು ಬಲಗೈ ತಿರುಗಿಸುತ್ತಿತ್ತು, ಮತ್ತು ಆ ಕೈಯಲ್ಲಿ ನಡುಕವೇ ಇರಲಿಲ್ಲ.

ನಿಂಗವ್ವ ಏನನ್ನೂ ಮುಚ್ಚಿಡಲಿಲ್ಲ. ಸೆರಗಿನಿಂದ ನಮ್ಮದೇ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಕಂದು ಬಣ್ಣದ ಕಷಾಯ. ಔಷಧ ನಿಂತ ನಾಲ್ಕನೆಯ ದಿನಕ್ಕೆ ಅತ್ತೆಯ ಮೈ ಕಟ್ಟಿಗೆಯಾಯಿತು, ಗಂಜಿ ಗಂಟಲಿನಲ್ಲಿ ಇಳಿಯಲಿಲ್ಲ, ನನ್ನ ಕದರು ಕೊಡು ಎಂದು ಅತ್ತಳು. ಆಗ ನಿಂಗವ್ವ ತಿಪ್ಪೆಯ ದತ್ತೂರಿಯನ್ನು ತಂದು ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಾಟ್ಲಿಗೆ ತುಂಬಿದಳು. ಕುಡಿಸುವ ಮೊದಲು ಹಟ್ಟಿಯ ಪದ್ಧತಿಯಂತೆ ನಡೆದಳು. ಹೊಸ ಸೊಪ್ಪು, ಹೊಸ ಬೇರು ಏನೇ ಇರಲಿ, ಮೊದಲು ಒಂದು ಆಡಿಗೆ ಕೊಟ್ಟು ನೋಡುವುದು ಅವರ ಪದ್ಧತಿ. ಬಿದಿರಿನ ಗೊಟ್ಟದಲ್ಲಿ ಹಾಕಿ ಆಡಿನ ಬಾಯಿಗೆ ಹೊಯ್ದಳು.

‘ಆಡಿಗಿ ಏನೂ ಆಗಲಿಲ್ರಿ’ ಎಂದಳು. ‘ಒಂದು ದಿನ ಪೂರಾ ಕಾದ್ನಿ. ಮೇದ್ತು, ಮೆಲುಕು ಹಾಕ್ತು. ಆಮ್ಯಾಲ ಅತ್ತಿಗಿ ಒಂದ ಕಚ್ಚು ಕೊಟ್ನಿ. ನೀವು ಹಾಕಿಕೊಟ್ಟ ಕಚ್ಚ್ರಿ, ಒಂದು ಎಳಿ ಹೆಚ್ಚಿಗಿ ಹಾಕಿಲ್ಲ.’

ಮೊದಲ ದಿನ ಮಲ್ಲವ್ವ ಎದ್ದು ಕೂತು ನೂತಳಂತೆ. ಆ ಧೈರ್ಯದಿಂದ ಎರಡನೆಯ ಕಚ್ಚು, ಮೂರನೆಯ ಕಚ್ಚು.

ಆಡಿಗೆ ದತ್ತೂರಿ ಮನುಷ್ಯರಿಗೆ ಹತ್ತುವಂತೆ ಹತ್ತುವುದಿಲ್ಲ. ಅದು ತಿಂದು ತಡೆದುಕೊಳ್ಳುವ ಅಳತೆ ನಮ್ಮನ್ನು ಕೊಲ್ಲುತ್ತದೆ. ಮೊಲದ ವಿಷಯದಲ್ಲಿ ಇದನ್ನು ನನ್ನ ಪುಸ್ತಕದಲ್ಲಿ ಓದಿದ್ದೆ. ಆಡಿನ ಮಾತು ಅಲ್ಲಿ ಇರಲಿಲ್ಲ, ಅಥವಾ ಇತ್ತು, ನಾನು ಪುಟ ತಿರುವಿದ್ದೆ. ಹಟ್ಟಿಯವರು ತಲೆತಲಾಂತರದಿಂದ ಯಾವ ಪರೀಕ್ಷೆಯನ್ನು ನಂಬಿ ಬದುಕಿದ್ದರೋ ಆ ಪರೀಕ್ಷೆ ಈ ಒಂದು ಗಿಡಕ್ಕೆ ಸಲ್ಲದು. ಅದನ್ನು ಹೇಳಬೇಕಾದವಳು ತಿಪ್ಪೆಯ ಮಾತು ಹೇಳಿ ಉಬ್ಬಿ ಕೂತಿದ್ದಳು.

ಹೊಟ್ಟೆ ತೊಳೆದೆವು. ಕಟ್ಟಿದ ಮೂತ್ರ ತೆಗೆದೆವು. ಒದ್ದೆ ಬಟ್ಟೆ ಹೊದಿಸಿದೆವು, ಅದು ಕ್ಷಣದಲ್ಲಿ ಒಣಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಕೈಗಳು ನೂಲುವುದನ್ನು ನಿಲ್ಲಿಸಿದವು.

ದತ್ತೂರಿಯ ಸಾವೆಂದರೆ ಪೊಲೀಸರಿಗೆ ಹೇಳಿ ಕಳಿಸಲೇಬೇಕು. ದಾರಿಹೋಕರಿಗೆ ದತ್ತೂರಿ ತಿನ್ನಿಸಿ ದೋಚುವ ಪ್ರಕರಣಗಳು ಆಗ ಇದ್ದವು. ಠಾಣೆಯ ಅಮೀನರು ಬಂದರು, ಪಂಚನಾಮೆ ಆಯಿತು. ಸಕ್ಕರೆ ಹಂಚುವ ಮಾತನ್ನು ಆಯಾ ಒಬ್ಬಳು ಹೇಳಿದಳು. ಅತ್ತೆ ಕೊಟ್ಟ ಉತ್ತರವನ್ನೂ ಹೇಳಿದಳಂತೆ, ಅದನ್ನು ಅವರು ಬರೆದುಕೊಳ್ಳಲಿಲ್ಲ. ಆಡಿನ ಸಂಗತಿಯನ್ನು ನಿಂಗವ್ವ ತಾನೇ ಹೇಳಿದಳು, ತನ್ನ ಕಾಳಜಿಗೆ ಅದಕ್ಕಿಂತ ಸಾಕ್ಷಿ ಬೇಡ ಎಂದುಕೊಂಡು. ಪಂಚನಾಮೆಯಲ್ಲಿ ಅದು ಹೀಗಾಯಿತು: ಆರೋಪಿಯು ವಿಷವನ್ನು ಮೊದಲು ಪ್ರಾಣಿಯ ಮೇಲೆ ಪ್ರಯೋಗಿಸಿದಳು. ಕೊಲ್ಲಬೇಕೆಂದವಳು ಆಡು ಬದುಕಿದ್ದನ್ನು ನೋಡಿ ಆ ವಿಷವನ್ನೇ ಕೊಡುತ್ತಾಳೆಯೇ ಎಂದು ನಾನು ಅಮೀನರನ್ನು ಕೇಳಿದೆ. ಅವರು ನನ್ನನ್ನು ನೋಡಲಿಲ್ಲ, ಸಾಹೇಬರನ್ನು ನೋಡಿದರು.

ಕರೆದೊಯ್ಯುವಾಗ ನಿಂಗವ್ವ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಅಳುತ್ತಿರಲಿಲ್ಲ.

‘ಬಾಯೀರ, ದತ್ತೂರಿ ಅಂತ ನೀವೇ ಹೇಳಿದ್ದಲ್ರಿ. ಅದನ್ನ ಅವರ ಮುಂದ ಹೇಳ್ತೀರಲ್ಲ?’

‘ಹೇಳ್ತೀನಿ’ ಎಂದೆ.

ಸಂಜೆ ದೊಡ್ಡ ಸಾಹೇಬರು ನನ್ನನ್ನು ಕರೆಸಿದರು. ಬಹಳ ಮೃದುವಾಗಿ ಮಾತನಾಡಿದರು, ಅದೇ ನನಗೆ ಹೆಚ್ಚು ಹೇಸಿಗೆ. ಡಾಕ್ಟರ ಬಯಾನಿನಲ್ಲಿ, ಅಂದರೆ ಸಾಕ್ಷಿಯ ಹೇಳಿಕೆಯಲ್ಲಿ, ಕಂಡದ್ದು ಮತ್ತು ಮಾಡಿದ್ದು ಇರಬೇಕು, ಆಡಿದ್ದು ಇರಬೇಕಾಗಿಲ್ಲ ಎಂದರು. ನೀನು ಒಂಟಿ ಹೆಣ್ಣು, ಕಷ್ಟಪಟ್ಟು ಓದಿದವಳು, ನಿನ್ನ ಮಾತಿನಿಂದ ಸಾವಾಯಿತೆಂದು ನೀನೇ ಬರೆದುಕೊಟ್ಟರೆ ನಿನ್ನ ಜೊತೆ ಮುಂದೆ ಬರುವ ಹೆಣ್ಣುಮಕ್ಕಳಿಗೂ ಬಾಗಿಲು ಮುಚ್ಚುತ್ತದೆ ಎಂದರು. ಕಪಾಟಿನಿಂದ ಹೋದ ಬಾಟ್ಲಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಿಂಗವ್ವ ತಂದ ಬಾಟ್ಲಿಯಿಂದ ನಮ್ಮ ದವಾಖಾನೆಯ ಗುರುತಾದ ಕಚ್ಚಿನ ಕಾಗದವನ್ನು ನೆನೆಸಿ ತೆಗೆಯಲು ಖಾಸಿಂಸಾಬ್‌ಗೆ ಹೇಳಿದ್ದರಂತೆ. ಅವರು ‘ನನ್ನ ಅಂಟು ಬಿಡೂದಿಲ್ಲ ಸಾಬ್’ ಎಂದು ಹೇಳಿ ನಮಾಜಿಗೆ ಹೊರಟುಹೋದರು. ಹದಿನೆಂಟು ರೂಪಾಯಿ ಸಂಬಳದ ಕಂಪೌಂಡರ್. ಆ ದವಾಖಾನೆಯಲ್ಲಿ ಆ ದಿನ ಬೆನ್ನು ನೆಟ್ಟಗಿದ್ದದ್ದು ಅವರೊಬ್ಬರದೇ.

ನಾನು ಬಯಾನು ಬರೆದೆ. ಉರ್ದುವಿನಲ್ಲಿ, ಎರಡು ಹಾಳೆ. ದತ್ತೂರಿಯ ಔಷಧವನ್ನು ಇವರಿಗೆ ಕೊಡುತ್ತಿದ್ದವಳು ನಾನು, ಅದು ದತ್ತೂರಿ ಎಂದು ಹೇಳಿದವಳೂ ನಾನು, ಔಷಧ ನಿಂತದ್ದು ನಮ್ಮ ಕಡೆಯಿಂದ ಎಂದು ಬರೆದೆ. ಹೀಗೆಂದು ನನ್ನ ನೆನಪು. ಆ ಸಾಲು ಕಣ್ಣ ಮುಂದೆ ಹಸಿರು ಶಾಯಿಯಲ್ಲಿ ನಿಲ್ಲುತ್ತದೆ. ನಮ್ಮ ದವಾಖಾನೆಗೆ ಹಸಿರು ಶಾಯಿ ಎಂದೂ ಬಂದದ್ದಿಲ್ಲ. ವಹಿಯಲ್ಲಿ ಆ ದಿನಕ್ಕೆ ಎರಡೇ ಮಾತು: ‘ಬಯಾನು ಬರೆದೆ.’

ದವಾಖಾನೆಯ ಟಪಾಲಿನಲ್ಲಿ ಹಾಕಿದರೆ ಸಾಹೇಬರು ಮೊದಲು ಓದುತ್ತಾರೆಂದು, ಅದನ್ನು ಲಕೋಟೆಯಲ್ಲಿಟ್ಟು ನನ್ನ ಅಣ್ಣನ ಕೈಗೆ ಕೊಟ್ಟೆ. ಅಣ್ಣ ಪ್ರಕರಣ ನಡೆಯಬೇಕಿದ್ದ ಅದಾಲತ್ತಿನಲ್ಲಿಯೇ ಪೇಶಕಾರ. ಕಾಗದಗಳನ್ನು ಜಡ್ಜರ ಮುಂದಿಟ್ಟು ಗಟ್ಟಿಯಾಗಿ ಓದಿ ಹೇಳುವ ಕೆಲಸ ಅವನದು. ನಮ್ಮ ತಂದೆ ಬೇಗ ಹೋದವರು, ನನ್ನನ್ನು ಹೈದರಾಬಾದಿಗೆ ಕಳಿಸಿ ಓದಿಸಿದವನು ಅವನೇ. ಅವನಿಗಿಂತ ಭದ್ರವಾದ ಕೈ ನನಗೆ ಬೇರೆ ಇರಲಿಲ್ಲ. ಅವನು ನನ್ನೆದುರಿಗೇ ಲಕೋಟೆ ಬಿಚ್ಚಿ ಎರಡೂ ಹಾಳೆ ಓದಿದ. ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು, ‘ಊಟ ಮಾಡಿದಿಯೇನು?’ ಎಂದ.

ಸಾಕ್ಷಿಯ ದಿನ ನಾನು ಖುದ್ದಾಗಿ ನಿಲ್ಲಬೇಕಿತ್ತು. ಅದಕ್ಕೆ ಎರಡು ದಿನ ಮೊದಲು ಸಾಹೇಬರು ನನ್ನನ್ನು ಸೈದಾಪುರದ ಕಡೆ ಕಾಲರಾ ಚುಚ್ಚುಮದ್ದಿಗೆ ಕಳಿಸಿದರು. ನನ್ನ ಬದಲು ಕಾಗದ ಸಾಕೆಂದು ಅದಾಲತ್ತಿಗೆ ಬರೆದರು. ಕಾಲರಾ ಸುಳ್ಳಾಗಿರಲಿಲ್ಲ, ಹಳ್ಳಿಗಳಲ್ಲಿ ಹೆಣ ಬೀಳುತ್ತಿದ್ದವು. ನಾನು ಹೋದೆ. ಒಲ್ಲೆ ಎನ್ನಬಹುದಿತ್ತು. ಬಂಡಿ ಹತ್ತುವಾಗ ನನಗೆ ಸಿಟ್ಟು ಬಂದಿತ್ತೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ಎದೆ ಹಗುರಾಗಿತ್ತೋ ಏನೋ.

ತೀರ್ಪಿನ ಸುದ್ದಿಯನ್ನು ತಂದವನು ಅಣ್ಣ. ‘ಎರಡು ವರ್ಷ ಸಜಾ ಆತು. ಗಲ್ಲು ತಪ್ಪಿತು. ಇನ್ನ ಅದರ ಮಾತು ಬಿಡು ತಂಗಿ’ ಎಂದ. ನನ್ನ ಬಯಾನೇ ಗಲ್ಲು ತಪ್ಪಿಸಿತೆಂದು ನಾನು ತಿಳಿದೆ. ಆ ತಿಳಿವಳಿಕೆಯ ಮೇಲೆ ತಲೆಯಿಟ್ಟು ಮಲಗಿ ವರ್ಷಗಳನ್ನು ಕಳೆದೆ. ನಿಜಾಮರ ಆಳ್ವಿಕೆ ಹೋಯಿತು, ಉರ್ದು ಹೋಯಿತು, ಬೋರ್ಡುಗಳು ಬದಲಾದವು. ರೋಗಿಗೆ ಒಳಗಿನದನ್ನು ಹೇಳದೆ ಬಾಟ್ಲಿ ಕೊಡುವ ಪದ್ಧತಿ ಮಾತ್ರ ಹೋಗಲಿಲ್ಲ.

ಕಂಪವಾತಕ್ಕೆ ಈಗ ಹೊಸ ಗುಳಿಗೆ ಬಂದಿದೆ. ಮರದಂತೆ ಕೂತವರು ಎದ್ದು ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷ ಕಳೆದ ಮೇಲೆ ಅದೇ ಗುಳಿಗೆ ಕೈಕಾಲುಗಳನ್ನು ಹಾವಿನಂತೆ ಹೊರಳಾಡಿಸುವುದನ್ನೂ, ಇಲ್ಲದವರನ್ನು ಕೋಣೆಯಲ್ಲಿ ಕೂರಿಸುವುದನ್ನೂ ಕಂಡಿದ್ದೇನೆ. ಹುಡುಗಿಯರೇ, ಗುಣವನ್ನು ಹೇಳುವಾಗ ನಿಮ್ಮ ದನಿ ಏರುತ್ತದೆ, ಕೇಡನ್ನು ಹೇಳುವಾಗ ಚೀಟಿಯ ಕಡೆ ನೋಡುತ್ತೀರಿ. ಎರಡನ್ನೂ ಒಂದೇ ದನಿಯಲ್ಲಿ ಹೇಳಿ. ಕಂಪನಿ ಬದಲಾದರೆ, ಸರಬರಾಜು ನಿಂತರೆ, ನಾಳೆ ಅವರು ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿ. ಅವರು ಏನನ್ನಾದರೂ ಮಾಡಿಯೇ ಮಾಡುತ್ತಾರೆ. ಪ್ರೀತಿ ಇದ್ದವರು ಸುಮ್ಮನೆ ಕೂರುವುದಿಲ್ಲ.

ನಿವೃತ್ತಿಯಾದ ಮರುವರ್ಷ ಸುರಪುರದ ಸಂತೆಯಲ್ಲಿ ಕಂಬಳಿ ಕೊಳ್ಳಲು ನಿಂತಿದ್ದೆ. ಮಾರುವವಳು ನನ್ನನ್ನು ಬಹಳ ಹೊತ್ತು ನೋಡಿ, ಡಾಕ್ಟರಬಾಯಿ ಅಲ್ಲವೇ ಎಂದಳು. ಕೂದಲು ಪೂರಾ ಬೆಳ್ಳಗಾಗಿತ್ತು, ದನಿಯಿಂದ ಗುರುತು ಹತ್ತಿತು. ನಿಂಗವ್ವ. ಜೈಲಿನಿಂದ ಬಂದ ಮೇಲೆ ಗಂಡ ಕರೆದುಕೊಳ್ಳಲಿಲ್ಲ, ತವರಿನವರ ಹಟ್ಟಿಯಲ್ಲಿ ಇದ್ದಳಂತೆ. ಇದನ್ನು ಹವೆಯ ಮಾತು ಹೇಳುವ ಹಾಗೆ ಹೇಳಿದಳು. ನಾನು ಏನೋ ಸಮಾಧಾನ ಹೇಳಲು ಹೋದೆ.

‘ಹೇಳ್ತೀನಿ ಅಂದಿದ್ರಿ’ ಎಂದಳು.

‘ಬರದು ಕೊಟ್ಟಿದ್ನೆವ್ವ. ಅದಾಲತ್ತಿನ್ಯಾಗ ಓದಿದ್ರಲ್ಲ.’

‘ಓದಿದ್ರಿ. ಓದಿದವರು ನಿಮ್ಮ ಅಣ್ಣಾರು ಅಂತ ಆಮ್ಯಾಲ ಮಂದಿ ಹೇಳಿದ್ರು. ಉರ್ದು ನನಗ ತಿಳಿಯೂದಿಲ್ಲ, ಖರೇ. ಆದರ ಧತೂರಾ ಅನ್ನೂದು ತಿಳೀತದಲ್ರಿ. ಅದು ಒಂದ ಸಲ ಬಂತು, ಮುದುಕಿ ಹೊಟ್ಟ್ಯಾಗ ಇತ್ತು ಅನ್ನೂಮುಂದ. ನೀವು ಹೇಳಿದ ಮಾತು ಬಂದಿದ್ರ ಇನ್ನೊಂದು ಸಲ ಬರಬೇಕಿತ್ತಲ್ಲ? ಕಿವಿ ಕೊಟ್ಟು ನಿಂತಿದ್ನಿ. ಕಾಗದ ಮಡಿಚಿಟ್ರು.’

ಅವಳು ಕಂಬಳಿಯನ್ನು ಮಡಿಸಿ ನನ್ನ ಕೈಗಿಟ್ಟಳು. ಸಂತೆಯ ಬೆಲೆಗಿಂತ ಒಂದು ಪೈಸೆ ಹೆಚ್ಚಾಗಲಿ ಕಡಿಮೆಯಾಗಲಿ ಹೇಳಲಿಲ್ಲ.

ಅಣ್ಣ ಈಗ ಯಾದಗಿರಿಯಲ್ಲಿ ಸ್ಟೇಷನ್ನಿನ ಹತ್ತಿರದ ಮನೆಯಲ್ಲಿದ್ದಾನೆ. ನೆನಪು ನನಗಿಂತ ಚೊಕ್ಕ. ಆ ಜಡ್ಜರು ಯಾವ ಕಿವಿಯಿಂದ ಕೇಳುತ್ತಿದ್ದರು, ಯಾವ ವಕೀಲರ ಕೋಟಿಗೆ ಗುಂಡಿ ಇರಲಿಲ್ಲ ಎನ್ನುವುದನ್ನೂ ಹೇಳುತ್ತಾನೆ. ನನ್ನನ್ನು ಉಳಿಸಲು ಅವನು ಆ ಮಾತನ್ನು ಬಿಟ್ಟು ಓದಿದನೆಂದು ನಾನು ಕೆಲವು ದಿನ ನಂಬುತ್ತೇನೆ. ಆಗ ಅವನ ಮೇಲೆ ಸಿಟ್ಟು ಬರುತ್ತದೆ. ಒಂದು ಹೆಣ್ಣಿನ ಎರಡು ವರ್ಷ, ಅವಳ ಗಂಡ, ಅವಳ ಮನೆ ತೆಗೆದು ನನ್ನ ನೌಕರಿಯ ಕೆಳಗೆ ಒತ್ತಿಡಲು ಇವನಿಗೆ ಯಾರು ಹೇಳಿದ್ದರು? ಕೆಲವು ದಿನ ಹಸಿರು ಶಾಯಿ ನೆನಪಾಗುತ್ತದೆ, ಬೇರೆಯದನ್ನು ನಂಬುತ್ತೇನೆ. ಆಗ ಸಿಟ್ಟಿಗೆ ಹೋಗಲು ಬೇರೆ ಮನೆ ಇಲ್ಲ.

ಮೂರು ಸಲ ಹೋಗಿ ಕೇಳಿದ್ದೇನೆ. ಮೊದಲ ಸಲ ಪೇಪರು ಎತ್ತಿಕೊಂಡ. ಎರಡನೆಯ ಸಲ ಹೆಂಡತಿಯನ್ನು, ನನ್ನ ವೈನಿಯನ್ನು, ಕರೆದು ನನಗೆ ಚಹಾ ಮಾಡಲು ಹೇಳಿದ. ಹೋದ ತಿಂಗಳು ಅವನ ಕೈಯಿಂದ ಪೇಪರು ತೆಗೆದಿಟ್ಟು, ಚಹಾ ಬೇಡವೆಂದು ವೈನಿಗೆ ಹೇಳಿ, ಎದುರಿಗೆ ಕೂತು ಮತ್ತೆ ಕೇಳಿದೆ:

‘ಅಣ್ಣಾ, ಆ ಸಾಲು ನೀ ಬಿಟ್ಟು ಓದಿದಿಯೋ, ನಾನೇ ಅದನ್ನ ಬರದಿರಲಿಲ್ಲೋ?’